ಹುಲಿಯ ಮರೆಯಲ್ಲಿ ಬೆಟ್ಟ

ಬೆಳಗಿನ ಆರಕ್ಕೆ ಮೈಸೂರು ಬಿಟ್ಟ ಟೆಂಪೋ ಟ್ರಾವೆಲರ್‌ನಲ್ಲಿ ನಾವು ಹನ್ನೆರಡು ಮಂದಿ ಇದ್ದೆವು. ನಂಜನಗೂಡು ದಾಟಿ ಬೇಗೂರು ಬರುವ ಮೊದಲೇ ಗೈಡ್ ಹುಡುಗ ಎದ್ದು ನಿಂತ. "ನಿನ್ನೆ ಸಂಜೆ ಟ್ರಿಪ್ಪಿಗೆ ಹುಲಿ ಸಿಕ್ಕಿದೆ, ಇವತ್ತೂ ಸಿಗಬಹುದು" ಎಂದ. ಅಲ್ಲಿಂದ ಮುಂದೆ ಗಾಡಿಯೊಳಗೆ ಬೇರೆ ಮಾತೇ ಹುಟ್ಟಲಿಲ್ಲ. ಗುಂಡ್ಲುಪೇಟೆ ಬಂತು, ಹೋಯಿತು. ಊರಾಚೆ ಇರುವ, ಚಿಕ್ಕದೇವರಾಜ ಒಡೆಯರ ಕಾಲದ ಪರವಾಸುದೇವ ದೇವಸ್ಥಾನದ ಕಡೆ ಯಾರೂ ಕೈ ತೋರಿಸಲಿಲ್ಲ.

ಒಂದು ದಿನದ ಪ್ರವಾಸವನ್ನು ನಾನು ಪುಸ್ತಕದ ಹಾಗೆ, ನಾಟಕದ ಹಾಗೆ ವಿಮರ್ಶೆಗೆ ಒಡ್ಡಬೇಕು ಎನ್ನುವವನು. ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು, ಯಾವುದರ ಬಗ್ಗೆ ಮಾತಾಡಬೇಕು ಎಂದು ಯಾರೋ ಕೂತು ತೀರ್ಮಾನಿಸಿದ್ದಾರೆ. ಆ ತೀರ್ಮಾನದ ಬೆಲೆಯನ್ನು ನಾವು ಟಿಕೆಟ್ಟಿನ ಜೊತೆ ಕೊಟ್ಟಿರುತ್ತೇವೆ. ಮೈಸೂರಿನಿಂದ ಹೊರಡುವ ಈ ಪ್ರವಾಸಗಳ ಅಂಕಗಳು ಹೆಚ್ಚುಕಡಿಮೆ ಒಂದೇ: ಹೂವಿನ ಹೊಲ, ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಮಧ್ಯಾಹ್ನದ ಊಟ, ಬಂಡೀಪುರದ ಸಫಾರಿ. ಮೂರು ಸಲ ಮೂರು ಬೇರೆ ಬೇರೆ ತಂಡಗಳ ಜೊತೆ ಹೋಗಿ ಬಂದ ಮೇಲೆ ಬರೆಯುತ್ತಿದ್ದೇನೆ.

ಹೂವಿನ ಹೊಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಂಗಾರಿನಲ್ಲಿ ಹೆದ್ದಾರಿಯ ಇಕ್ಕೆಲದಲ್ಲಿ ಸೂರ್ಯಕಾಂತಿ, ಚೆಂಡು ಹೂ ಅರಳುತ್ತವೆ. ಕೇರಳದಿಂದ ಬಂದವರು, ಬೆಂಗಳೂರಿನಿಂದ ಬಂದವರು ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ರೈತರು ಅದಕ್ಕೆ ಇಷ್ಟು ಎಂದು ಪಡೆಯುತ್ತಾರೆ. ತುಳಿದು ಹಾಳಾಗುವ ಸಾಲಿಗೆ ಅದು ನ್ಯಾಯವಾದ ಬೆಲೆ. ಹೊಲದ ಬದುವಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕೇಳಿದರು: "ಹುಲಿ ನೋಡಕ ಬಂದ್ರಾ ಸಾ? ನಾವು ಕಣ್ಗ ಬೀಳ್ದಂಗ ಇರ್ಲಿ ಅಂತ ಗೋಪಾಲಸ್ವಾಮಿಗ ಕೈ ಮುಗೀತೀವಿ." ಅವರ ಮಾತು ಆ ದಿನ ಪೂರ್ತಿ ನನ್ನ ಜೊತೆ ಬಂತು.

ಹಂಗಳದಲ್ಲಿ ಹೆದ್ದಾರಿ ಬಿಟ್ಟು ಬೆಟ್ಟದ ಬುಡಕ್ಕೆ ಹೋದರೆ ಅಲ್ಲಿಗೆ ಖಾಸಗಿ ವಾಹನಗಳ ದಾರಿ ಮುಗಿಯುತ್ತದೆ. ಮುಂದೆ ಎಲ್ಲರಿಗೂ ಕೆಎಸ್‌ಆರ್‌ಟಿಸಿ ಬಸ್ಸೇ. ದುಬಾರಿ ಕಾರಿನಲ್ಲಿ ಬಂದವರೂ ಹರಕೆ ಹೊತ್ತು ನಡೆದು ಬಂದವರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಬಸ್ಸು ಹತ್ತುತ್ತಾರೆ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಸರಿ ಎನಿಸಿದ ಏರ್ಪಾಟು ಇದು. ನೂರಾರು ಕಾರುಗಳು ಹಾರ್ನ್ ಹೊಡೆಯುತ್ತ ಹುಲಿ ಕಾಡಿನ ನಡುವೆ ಏರುತ್ತಿದ್ದ ಕಾಲವನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಸಂಜೆಯ ಮೊದಲೇ ಎಲ್ಲರೂ ಕೆಳಗಿಳಿದಿರಬೇಕು ಎಂಬ ಕಟ್ಟಳೆಯೂ ಸರಿಯೇ. ಅಲ್ಲಿಂದ ಮುಂದೆ ಬೆಟ್ಟ ಆನೆಗಳದು.

ಸುಮಾರು 1,450 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ವೇಣುಗೋಪಾಲನ ಗುಡಿ. ಹೊಯ್ಸಳರ ಕಾಲಕ್ಕೆ ಸೇರಿದ್ದೆನ್ನುತ್ತಾರೆ. ಗರ್ಭಗುಡಿಯೊಳಗೆ ಸದಾ ತಂಪು, ಸದಾ ತೇವ. ಹೊರಗೆ ಮಂಜು ಮುಸುಕಿದರೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಹಂಸತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದವು, ಅದಕ್ಕೇ ಇಲ್ಲಿ ಕಾಗೆಗಳಿಲ್ಲ ಎನ್ನುವ ಕಥೆಯನ್ನು ಅರ್ಚಕರೋ ಹೂ ಮಾರುವವರೋ ಹೇಳುತ್ತಾರೆ. ನಮ್ಮ ಗೈಡ್ ಹೇಳಿದ್ದು ಮಾತ್ರ "ಮುಕ್ಕಾಲು ಗಂಟೆ ಟೈಮ್ ಇದೆ, ಫೋಟೊ ತಕ್ಕೊಳ್ಳಿ."

ಹೇಳಬೇಕಾದ್ದು ಎಷ್ಟಿತ್ತು! ಕೆಳಗೆ ಹಬ್ಬಿರುವ ಕಾಡಿಗೆ ಒಂದು ಕಾಲಕ್ಕೆ ಈ ದೇವರದೇ ಹೆಸರಿತ್ತು. 1931ರಲ್ಲಿ ಮೈಸೂರು ಮಹಾರಾಜರು ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಗಳಿಗೆಂದು ಮೀಸಲಿಟ್ಟರು. ಹತ್ತು ವರ್ಷದ ಬಳಿಕ ಅದು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎನಿಸಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಬೆಟ್ಟದ ಮೇಲೆ ನಿಂತು ಕೆಳಗೆ ನೋಡುತ್ತಿರುವವರಿಗೆ ಈ ಎರಡು ಮಾತು ಹೇಳಿದರೆ ಗುಡಿ ಬೇರೆ ಸಫಾರಿ ಬೇರೆ ಎನ್ನುವ ಭಾವನೆ ಅಲ್ಲೇ ಕರಗಿಹೋಗುತ್ತದೆ.

ಇನ್ನು ಕಲ್ಲು. ನನ್ನ ನಿಜವಾದ ತಕರಾರು ಇರುವುದು ಇಲ್ಲಿ.

ಬಾದಾಮಿಗೆ ಹೋದವರು ಯಾರೂ ಕಲ್ಲನ್ನು ನೋಡದೆ ಬರುವುದಿಲ್ಲ. ಮರಳುಗಲ್ಲಿನ ಕೆಂಪು ಬಂಡೆ ಪದರ ಪದರವಾಗಿ ಎದುರಿಗೆ ನಿಂತಿರುತ್ತದೆ. ನೀರು ತಂದು ಹಾಸಿದ ಮರಳು ಗಟ್ಟಿಯಾಗಿ ಬಂಡೆಯಾಯಿತು ಎಂಬುದನ್ನು ಶಾಲೆಯ ಮಗುವೂ ಗೆರೆ ಹಿಡಿದು ಓದಬಹುದು. ಅಗಸ್ತ್ಯತೀರ್ಥದ ದಂಡೆಯಲ್ಲಿ ಸಿಗುವ ಗೈಡ್‌ಗಳು ಮೂರನೆಯ ಗುಹೆಯ 578ರ ಶಾಸನವನ್ನು ತೋರಿಸುವ ಮೊದಲು ಕಲ್ಲಿನ ಮೃದುತನದ ಮಾತೆತ್ತುತ್ತಾರೆ. ಈ ಕಲ್ಲು ಉಳಿಗೆ ಬಗ್ಗುತ್ತದೆ, ಅದಕ್ಕೇ ಚಾಲುಕ್ಯರು ಇಲ್ಲಿ ಕೊರೆದರು ಎನ್ನುತ್ತಾರೆ. ನೆಲ ಮತ್ತು ಚರಿತ್ರೆ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ.

ಚಾಮರಾಜನಗರದ ನೆಲ ಹಾಗೆ ಕಣ್ಣಿಗೆ ಸುಲಭವಾಗಿ ಒಲಿಯುವುದಲ್ಲ. ಇಲ್ಲಿನದು ಗ್ನೈಸ್, ಚಾರ್ನಕೈಟ್‌ಗಳ ಗಡುಸು ಕಲ್ಲು. ಭೂಮಿಯ ಆಳದ ಶಾಖದಲ್ಲಿ, ಒತ್ತಡದಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಬೆಂದು ರೂಪುಗೊಂಡದ್ದು. ಗೋಪಾಲಸ್ವಾಮಿ ಬೆಟ್ಟದಿಂದ ದಕ್ಷಿಣಕ್ಕೆ ನೀಲಿಯಾಗಿ ಕಾಣುವ ನೀಲಗಿರಿ, ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟದ ಸಾಲು ಎರಡೂ ಮುಖ್ಯವಾಗಿ ಚಾರ್ನಕೈಟ್. ಆ ಹೆಸರಿಗೂ ಒಂದು ಕಥೆಯಿದೆ. ಕಲ್ಕತ್ತೆಯಲ್ಲಿರುವ, ಇಂಗ್ಲಿಷ್ ವ್ಯಾಪಾರಿ ಜಾಬ್ ಚಾರ್ನಕ್‌ನ ಗೋರಿಯ ಕಲ್ಲು ಇದೇ ಜಾತಿಯದೆಂದು ಕಂಡ ಭೂವಿಜ್ಞಾನಿ ಥಾಮಸ್ ಹಾಲೆಂಡ್, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆತನ ಹೆಸರನ್ನೇ ಅದಕ್ಕಿಟ್ಟರು. ನೀಲಗಿರಿಗೂ ಬಂಡೀಪುರಕ್ಕೂ ನಡುವೆ ಮೋಯಾರ್ ಹೊಳೆ ನೆಲದ ಹಳೆಯ ಬಿರುಕಿನ ಜಾಡು ಹಿಡಿದು ಆಳವಾದ ಕಮರಿ ಕೊರೆದಿದೆ. ಇಂಗ್ಲಿಷರು ಅದನ್ನು ಮೈಸೂರು ಡಿಚ್ ಎಂದು ಕರೆದರು. ಹೊರದೇಶಗಳ ಕಮರಿಗಳನ್ನು ನೋಡಲು ಜನ ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ಹಾಗಿರುವಾಗ ಬೆಟ್ಟದ ಮೇಲೆ ನಿಂತು ಆ ದಿಕ್ಕಿಗೆ ಕೈ ಚಾಚಿ, ಅಲ್ಲೊಂದು ಕಮರಿಯಿದೆ ಎಂದು ಹೇಳಲೂ ಯಾರಿಲ್ಲದಿರುವುದು ನನಗೆ ನೋವಿನ ಸಂಗತಿ.

ಈ ನೆಲದ ಕಲ್ಲಿಗೆ ಇನ್ನೊಂದು ಬದುಕಿದೆ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆಲ್ಲ ಹೋಗಿದೆ. ಕ್ವಾರಿಗಳು ಜಿಲ್ಲೆಯ ಎಷ್ಟೋ ಮನೆಗಳ ಅನ್ನ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ಬಳಿಯ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ಪ್ರವಾಸದ ಗಾಡಿಗಳು ಓಡುವ ಹೆದ್ದಾರಿಯಿಂದ ಆ ಜಾಗ ದೂರವಿಲ್ಲ. ನಮ್ಮ ಗೈಡ್‌ಗೆ ಇದು ಗೊತ್ತಿತ್ತು. ನಾನು ಕೇಳಿದಾಗ ತಗ್ಗಿದ ದನಿಯಲ್ಲಿ ಹೇಳಿದ. "ಟೂರಿಗೆ ಬಂದವರಿಗೆ ಇದೆಲ್ಲ ಹೇಳಬಾರದು ಅಂತಾರೆ ಸಾರ್" ಎಂದೂ ಸೇರಿಸಿದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಊರಿನ ಬಗ್ಗೆ ಅಷ್ಟು ತಿಳಿದವನ ಬಾಯಿಗೆ ಬೀಗ ಹಾಕಿ, ಹುಲಿಯ ಆಸೆ ಹುಟ್ಟಿಸುವ ಕೆಲಸವೊಂದನ್ನೇ ಕೊಟ್ಟಿರುವುದು ತಪ್ಪು.

ಸಫಾರಿಗೆ ಬರೋಣ. ನಾನು ಹೋದಾಗ ಮೇಲುಕಾಮನಹಳ್ಳಿಯ ಕೌಂಟರಿನಿಂದ ಹೊರಡುತ್ತಿದ್ದ ಬಸ್ಸು, ಜೀಪುಗಳು ಕಾಡಿನ ಗೊತ್ತಾದ ದಾರಿಗಳಲ್ಲಿ ಸುತ್ತಿ ಬರುತ್ತಿದ್ದವು. ಹುಲಿ ಕಂಡರೆ ಸಾರ್ಥಕ, ಕಾಣದಿದ್ದರೆ ದುಡ್ಡು ದಂಡ ಎಂಬ ಲೆಕ್ಕ ದೇಶದ ಎಲ್ಲ ಹುಲಿ ಕಾಡುಗಳಲ್ಲೂ ಬೇರೂರಿದೆ. ಇದರಿಂದ ಆಗುವ ನಷ್ಟಕ್ಕೆ ಬಂಡೀಪುರದಲ್ಲೇ ಒಂದು ಸಾಕ್ಷಿ ಇದೆ. ಎಪ್ಪತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಕಾಡುನಾಯಿಗಳ ಹಿಂದೆ ಬಿದ್ದು ಅಧ್ಯಯನ ಮಾಡಿದ್ದು ಈ ಕಾಡಿನಲ್ಲಿ. ಕೃಪಾಕರ–ಸೇನಾನಿ ವರ್ಷಗಟ್ಟಲೆ ಅದೇ ಪ್ರಾಣಿಯ ಜೊತೆಗಿದ್ದು 'ದಿ ಪ್ಯಾಕ್' ಸಾಕ್ಷ್ಯಚಿತ್ರ ತೆಗೆದು 2010ರಲ್ಲಿ ಗ್ರೀನ್ ಆಸ್ಕರ್ ಪಡೆದದ್ದೂ ಈ ಸೀಮೆಯ ಕಾಡಿನಿಂದಲೇ. ಜಗತ್ತಿಗೆ ಕಾಡುನಾಯಿಯ ಸಂಸಾರವನ್ನು ತೋರಿಸಿದ ಕಾಡಿದು. ನಾನು ಹೋದ ಒಂದು ಸಂಜೆ ಐದು ಕಾಡುನಾಯಿಗಳು ದಾರಿ ದಾಟಿದವು. ಅವುಗಳ ಕೆಂಚು ಮೈ ಇಳಿಬಿಸಿಲಲ್ಲಿ ಹೊಳೆಯುತ್ತಿತ್ತು. ಹಿಂದಿನ ಸೀಟಿನಿಂದ ದನಿಯೊಂದು ಬಂತು: "ನಾಯಿ ಬಿಡಿ, ಮುಂದೆ ಹೋಗಿ." ಬಸ್ಸು ಮುಂದೆ ಹೋಯಿತು.

ಕಾಣುವ ಕಾಡಿನ ಬಗ್ಗೆಯೂ ಪ್ರವಾಸಿಗೆ ಪೂರ್ತಿ ಸತ್ಯ ಸಿಗುವುದಿಲ್ಲ. ದಾರಿಯ ಎರಡೂ ಬದಿ ಪೊದೆ ಸವರಿ ಬಯಲು ಮಾಡಿರುತ್ತಾರೆ. ಬೆಂಕಿ ಹರಡದಿರಲಿ ಎಂದೂ, ಪ್ರಾಣಿ ಕಾಣಲಿ ಎಂದೂ. ಆ ಪಟ್ಟಿಯಾಚೆ ಎಷ್ಟೋ ಕಡೆ ಲಂಟಾನ ಆಳೆತ್ತರ ಬೆಳೆದು ಹುಲ್ಲನ್ನು ನುಂಗಿದೆ. ಬಿಳಿಗಿರಿಯ ಆದಿವಾಸಿ ಸೋಲಿಗರು ಇದಕ್ಕೆ ಒಂದು ಕಾರಣ ಹೇಳುತ್ತಾರೆ. ಬೇಸಿಗೆಯ ಮೊದಲಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ಕಾನೂನು ನಿಲ್ಲಿಸಿತು, ಆಮೇಲೆ ಲಂಟಾನ ಏರಿತು ಎನ್ನುತ್ತಾರೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಹೊತ್ತಿ ಉರಿದು ಸಾವಿರಾರು ಎಕರೆ ಬೂದಿಯಾದಾಗ ಈ ಮಾತಿಗೆ ಹೊಸ ತೂಕ ಬಂತು. ಸಣ್ಣ ಬೆಂಕಿ ಯಾವುದು, ದೊಡ್ಡ ಬೆಂಕಿ ಯಾವುದು ಎಂಬುದನ್ನು ಕಾಡಿನಲ್ಲೇ ಹುಟ್ಟಿ ಬೆಳೆದವರು ಬಿಡಿಸಿ ಹೇಳುವುದನ್ನು ಕೇಳಬೇಕು.

ಅಜ್ಜಿಯ ಮಾತಿಗೆ ಹಿಂತಿರುಗುತ್ತೇನೆ. 2019ರಲ್ಲಿ ಇದೇ ಗೋಪಾಲಸ್ವಾಮಿ ಬೆಟ್ಟ ವಲಯದಂಚಿನ ಚೌಡಹಳ್ಳಿ ಸುತ್ತ ಹುಲಿಯೊಂದು ಇಬ್ಬರನ್ನು ಕೊಂದಿತ್ತು. 2025ರ ನವೆಂಬರಿನಲ್ಲಿ, ಸರಗೂರು ಕಡೆ ಹುಲಿ ದಾಳಿಗೆ ಮತ್ತೆ ಮತ್ತೆ ಜನ ಬಲಿಯಾದ ಮೇಲೆ, ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಸಫಾರಿ ಗಾಡಿಗಳ ಗದ್ದಲಕ್ಕೆ ಪ್ರಾಣಿಗಳು ಹೊರಬರುತ್ತವೆ ಎಂದು ರೈತರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಪ್ರವಾಸೋದ್ಯಮದವರು ವಾದಿಸಿದರು. ಕಾರಣ ಯಾವುದೇ ಇರಲಿ, ಕಾಡಂಚಿನ ರೈತನಿಗೆ ಸಾವು, ಪ್ರವಾಸಿಗೆ ಫೋಟೊ ಎಂಬ ಹಂಚಿಕೆಯನ್ನು ಯಾವ ಊರೂ ಬಹುಕಾಲ ಒಪ್ಪಲಾರದು. ಪ್ರವಾಸದಲ್ಲಿ ಈ ಜನರ ಮಾತಿಗೆ ಜಾಗವೇ ಇಲ್ಲದಿರುವುದು ಆ ಕಂದಕವನ್ನು ಇನ್ನೂ ಅಗಲ ಮಾಡುತ್ತದೆ.

ಬೇರೆ ದಾರಿಯಿಲ್ಲವೇ? ಇದೆ. ಅದನ್ನು ಕಂಡದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ. ನಾಲ್ಕೇ ಜನ, ಜೊತೆಗೆ ಒಬ್ಬ ಸೋಲಿಗ ಹಿರಿಯ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರದ ಮುಂದೆ ಅವರು ಚಪ್ಪಲಿ ಬಿಟ್ಟು ನಿಂತರು, ನಾವೂ ಬಿಟ್ಟೆವು. ಬೆಟ್ಟದ ದೇವರು ರಂಗಪ್ಪ ತಮ್ಮ ಕುಲದ ಹೆಣ್ಣನ್ನು ಮದುವೆಯಾಗಿ ತಮಗೆಲ್ಲ ಭಾವನಾದ ಕಥೆ ಹೇಳಿದರು. ಪ್ರತಿ ಕುಲಕ್ಕೂ ಒಂದು ಯಲ್ಲೆ, ಅಂದರೆ ಅದರದೇ ಸೀಮೆ. ಆ ಯಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಬೆರಳು ಮಡಿಸಿ ಎಣಿಸಿದರು. ಬಂಡೆ, ನೀರು, ಮರ ಎಲ್ಲಕ್ಕೂ ಅಲ್ಲಿ ಹೆಸರಿತ್ತು, ನೆಂಟಸ್ತಿಕೆಯಿತ್ತು. ಹುಲಿಯ ಮಾತು ಒಮ್ಮೆ ಬಂತು, ಅದೂ ಗೌರವದಿಂದ, ಹೆಸರೆತ್ತದೆ. 2011ರಲ್ಲಿ ಈ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಅದು ಮೊದಲನೆಯದು. ಹಕ್ಕು ಅವರದೆಂದು ಒಪ್ಪಿದ ಮೇಲೆ ಕಾಡನ್ನು ತೋರಿಸಿ ವಿವರಿಸುವ ಕೆಲಸವೂ, ಅದರ ಸಂಬಳವೂ ಮೊದಲು ಅವರಿಗೇ ಸಲ್ಲಬೇಕು.

ಮೈಸೂರಿನ ಪ್ರವಾಸಗಳು ಇಲ್ಲಿಗೆ ಹೆಚ್ಚಾಗಿ ಬರುವುದಿಲ್ಲ. ಗುಂಡ್ಲುಪೇಟೆಯಿಂದ ಪೂರ್ವಕ್ಕೆ ತಿರುಗಿ ತೆರಕಣಾಂಬಿಯ ತರಕಾರಿ ಮಾರುಕಟ್ಟೆ ದಾಟಿ ಚಾಮರಾಜನಗರ ಸೇರುವ ದಾರಿ ಅವರ ನಕ್ಷೆಯಲ್ಲಿಲ್ಲ. ಅರಿಕುಠಾರ ಎಂದಿದ್ದ ಊರಿಗೆ ತಮ್ಮ ತಂದೆಯ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಚಾಮರಾಜೇಶ್ವರ ಗುಡಿಯೂ ಇಲ್ಲ. ಜಿಲ್ಲೆಯಾಗಿ 1997ರಲ್ಲಿ ಬೇರೆಯಾದರೂ ಪ್ರವಾಸದ ಲೆಕ್ಕದಲ್ಲಿ ಇದಿನ್ನೂ ಊಟಿಗೆ ಹೋಗುವ ದಾರಿ ಅಷ್ಟೇ.

ಹಾಗಾಗಿ ನನ್ನ ತೀರ್ಪು: ಬೆಟ್ಟದ ಬಸ್ಸಿಗೆ ಪೂರ್ಣ ಮೆಚ್ಚುಗೆ, ಹುಲಿಯನ್ನೇ ಸರಕು ಮಾಡಿದ ಸಫಾರಿಗೆ ವಿರೋಧ, ಗೈಡ್‌ಗಳ ಮೌನಕ್ಕೆ ಅವರನ್ನು ಹಾಗೆ ಇರಿಸಿದವರೇ ಹೊಣೆ. ಸಾರಿಗೆ ಸಂಸ್ಥೆ, ಅರಣ್ಯ ಇಲಾಖೆ, ದೇವಸ್ಥಾನ ಮೂವರಲ್ಲೂ ಒಂದು ಕೋರಿಕೆ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಪ್ರತಿ ಬಸ್ಸಿನಲ್ಲಿ ಹಂಗಳದ ಕಡೆಯ ಹುಡುಗನನ್ನೋ ಹುಡುಗಿಯನ್ನೋ, ಕಾಡಂಚಿನ ಹಾಡಿಯ ಒಬ್ಬರನ್ನೋ ಸಂಬಳ ಕೊಟ್ಟು ನಿಲ್ಲಿಸಿ. ಕಲ್ಲು, ಕಾಡು, ಬೆಂಕಿ, ಹೊಲ, ಸಾವು ಎಲ್ಲವನ್ನೂ ಅವರು ತಮ್ಮ ಮಾತಿನಲ್ಲಿ, ಈ ಸೀಮೆಯ ಕನ್ನಡದಲ್ಲಿ ಹೇಳಲಿ. ಬಸ್ಸು ಬೆಟ್ಟ ಹತ್ತುವಷ್ಟು ಹೊತ್ತು ಅವರಿಗೆ ಸಾಕು.