ಅರಸೀಕೆರೆಯಿಂದ ಶುರು ಮಾಡಿ: ಹೊಯ್ಸಳ ಗುಡಿ ನೋಡುವ ರಸಿಕರಿಗೊಂದು ಕೈಪಿಡಿ

ಬೇಲೂರು, ಹಳೇಬೀಡು ನೋಡಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ಹಲಸಿನ ಹಣ್ಣಿನ ಮೇಲೆ ಕೂತ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ, ಮದನಿಕೆಯ ಕೈಯಲ್ಲಿ ಅಲ್ಲಾಡುವ ಬಳೆ, ಹಿಂದೊಮ್ಮೆ ತಿರುಗುತ್ತಿತ್ತಂತೆ ಎನ್ನುವ ನರಸಿಂಹ ಕಂಬ. ಇಷ್ಟು ಹೇಳಿ ನಿಲ್ಲುತ್ತಾರೆ. ತಪ್ಪು ಅವರದಲ್ಲ. ಗೈಡಿನ ಕಡ್ಡಿ ಎತ್ತ ಹೋಯಿತೋ ಕಣ್ಣು ಅತ್ತ ಹೋಗಿದೆ. ಇಡೀ ಗುಡಿ ಹತ್ತು ಹನ್ನೆರಡು ಚಮತ್ಕಾರಗಳಾಗಿ ಒಡೆದುಹೋಗಿದೆ. ಸಣ್ಣದರಿಂದ ಶುರು ಮಾಡಿದರೆ ದೊಡ್ಡದು ಕಾಣುವುದೇ ಇಲ್ಲ.

ಹೊಸಬರಿಗೆ ನಾನು ಹೇಳುವುದು ಉಲ್ಟಾ ದಾರಿ. ಮೊದಲು ಗೋಡೆಯ ಓಟ ನೋಡಿ, ಆಮೇಲೆ ಪಟ್ಟಿಕೆಗಳನ್ನು, ಆಮೇಲೆ ಮೂರ್ತಿಗಳನ್ನು, ಕಟ್ಟಕಡೆಗೆ ಒಡವೆ, ಹಲ್ಲಿ, ನೊಣ. ಊರುಗಳ ಅನುಕ್ರಮವೂ ಹಾಗೆಯೇ ಇರಲಿ: ಅರಸೀಕೆರೆ, ಹಳೇಬೀಡು, ಬೇಲೂರು. ಎಲ್ಲರೂ ಮೊದಲು ಓಡುವ ಬೇಲೂರನ್ನು ಕೊನೆಗೆ ಇಟ್ಟುಕೊಳ್ಳಿ.

ಅರಸೀಕೆರೆ ಎಂದರೆ ಹೆಚ್ಚಿನವರಿಗೆ ರೈಲು ಬದಲಿಸುವ ಜಂಕ್ಷನ್ನು, ತೆಂಗು, ಕೊಬ್ಬರಿ ವ್ಯಾಪಾರ. ಊರಿನವರು ಶಿವಾಲಯ ಎಂದು ಕರೆಯುವ ಈಶ್ವರ ದೇವಸ್ಥಾನ ಇರುವುದು ಅನೇಕ ಪ್ರಯಾಣಿಕರಿಗೆ ಗೊತ್ತೇ ಇಲ್ಲ. ಸುಮಾರು 1220ರ ಕಟ್ಟಡ, ಎರಡನೇ ಬಲ್ಲಾಳನ ಕಾಲದ್ದು. ಗಾತ್ರದಲ್ಲಿ ಸಣ್ಣದು. ಗೋಡೆಯ ಮೇಲೆ ಹಳೇಬೀಡಿನ ಹಾಗೆ ಸಾಲುಸಾಲು ಆನೆ ಕುದುರೆಗಳಿಲ್ಲ, ಸೂರಿನ ಕೆಳಗೆ ಮದನಿಕೆಯರ ದಂಡಿಲ್ಲ. ಅದಕ್ಕೇ ಇಲ್ಲಿಂದ ಶುರು ಮಾಡಿ ಎನ್ನುತ್ತಿರುವುದು. ಗಮನವನ್ನು ಅತ್ತಿತ್ತ ಸೆಳೆಯುವ ಬೊಂಬೆ ಕಡಿಮೆ ಇದ್ದಾಗ ಕಟ್ಟಡ ತಾನಾಗಿ ಎದ್ದು ಕಾಣುತ್ತದೆ.

ಒಳಗೆ ಹೋಗುವ ಮುಂಚೆ ಹೊರಗೆ ಒಂದು ಸುತ್ತು ಬನ್ನಿ. ಮೂರ್ತಿ ಯಾರದು ಎಂದು ಕೇಳಬೇಡಿ. ಗೋಡೆ ಎಲ್ಲಿ ಹೊರಕ್ಕೆ ಚಾಚಿದೆ, ಎಲ್ಲಿ ಒಳಕ್ಕೆ ಸರಿದಿದೆ ಎಂಬುದನ್ನಷ್ಟೇ ಗಮನಿಸಿ. ಒಂದು ಜಾಗದಲ್ಲೂ ನೇರ ಗೋಡೆ ಸಿಗುವುದಿಲ್ಲ. ಉಟ್ಟ ಸೀರೆಯ ನೆರಿಗೆಯ ಹಾಗೆ ಕಲ್ಲು ಮಡಿಕೆ ಮಡಿಕೆಯಾಗಿ ನಿಂತಿದೆ. ಈಗ ಒಂದು ಮೂಲೆಯನ್ನು ಆರಿಸಿಕೊಂಡು ಅಡಿಯಿಂದ ಮೇಲಕ್ಕೆ ಕಣ್ಣು ಹಾಯಿಸಿ. ಅಧಿಷ್ಠಾನದಲ್ಲಿ ಹುಟ್ಟಿದ ಅದೇ ಮೊನೆ ಗೋಡೆಯಲ್ಲಿ ಮುಂದುವರಿದು, ಸೂರನ್ನು ದಾಟಿ, ಶಿಖರದ ಅಂತಸ್ತು ಅಂತಸ್ತಿನಲ್ಲೂ ಮತ್ತೆ ಬರುತ್ತದೆ. ಬೇಲೂರಲ್ಲೂ ಹಳೇಬೀಡಿನ ದೊಡ್ಡ ಗುಡಿಯಲ್ಲೂ ಈ ಪಾಠ ಪೂರ್ತಿ ಸಿಗುವುದಿಲ್ಲ, ಅಲ್ಲಿ ಶಿಖರಗಳಿಲ್ಲ. ಇಲ್ಲಿದೆ.

ಎದುರಿನ ತೆರೆದ ಮಂಟಪವಂತೂ ಹೊಯ್ಸಳರಲ್ಲೇ ಅಪರೂಪ. ಅದರ ತಳವಿನ್ಯಾಸ 16 ಮೊನೆಯ ನಕ್ಷತ್ರ. ಮನೆಯಲ್ಲಿ ಮಕ್ಕಳಿದ್ದರೆ ಕಾಗದ, ಸ್ಕೇಲು ಕೊಟ್ಟು ಕೂರಿಸಿ: ಒಂದೇ ಕೇಂದ್ರದ ಮೇಲೆ ಒಂದೇ ಅಳತೆಯ ನಾಲ್ಕು ಚೌಕಗಳನ್ನು ಸಮನಾಗಿ ತಿರುಗಿಸುತ್ತ ಬರೆದರೆ ಹದಿನಾರು ಮೂಲೆಗಳೂ ಒಂದು ವೃತ್ತದ ಮೇಲೆ ಬಂದು ಕೂರುತ್ತವೆ. ಗರ್ಭಗುಡಿಯ ಲೆಕ್ಕ ಇನ್ನೂ ಜಟಿಲ, ಅದರ ಮೊನೆಗಳೇ ಮೂರು ಬಗೆಯವು. ಇದನ್ನು ಯೋಚಿಸಿದವನಿಗೆ ಮೂರ್ತಿ ಕೆತ್ತುವ ಹಂಬಲಕ್ಕಿಂತ ರೇಖೆಯ ಹುಚ್ಚು ಹೆಚ್ಚಿತ್ತು ಎಂದೇ ನನ್ನ ಗುಮಾನಿ. ಮಂಟಪದ ಕಲ್ಲುಜಗಲಿಯ ಹತ್ತಿರ ನಿಂತು ತಲೆಯೆತ್ತಿ ಗುಮ್ಮಟದಂಥ ಛತ್ತು ನೋಡಿ. ಹೊರಗೆ ಕಂಡ ಸುತ್ತು ಅಲ್ಲಿ ಇನ್ನೊಂದು ರೂಪದಲ್ಲಿದೆ.

ಅದೇ ಊರಿನಲ್ಲಿ, ಅದೇ ಬಲ್ಲಾಳನ ಕಾಲದಲ್ಲಿ ಅವನ ಅಧಿಕಾರಿ ರೇಚರಸ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಇದೆ. ಶಿವನ ಗುಡಿ, ಜಿನನ ಬಸದಿ ಎರಡೂ ಒಂದೇ ಪೇಟೆಯಲ್ಲಿ ಎದ್ದವು. ಇದನ್ನು ನೆನಪಿಟ್ಟುಕೊಳ್ಳಿ, ಹಳೇಬೀಡಿನಲ್ಲಿ ಬೇಕಾಗುತ್ತದೆ.

ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರದ ಗರ್ಭಗುಡಿಗಳ ಮುಖ ಪೂರ್ವಕ್ಕೆ. ಆದರೆ ನೋಡಬೇಕಾದ ಗೋಡೆ ಹಿಂದಿನದು, ಪಶ್ಚಿಮದ್ದು. ಹಾಗಾಗಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಲ್ಲಿರುವುದು ವಾಸಿ. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಬಳಪದ ಕಲ್ಲಿನ ಕೊರೆತ ಆಳವಾಗುತ್ತದೆ, ಮೋಡ ಕವಿದ ದಿನ ಎಲ್ಲ ಚಪ್ಪಟೆ. ಚಪ್ಪಲಿ ಬಿಟ್ಟು ನಡೆಯಬೇಕಾದ್ದರಿಂದ ಬೇಸಗೆಯಲ್ಲಿ ಕಾಲುಚೀಲ ಹಾಕಿಕೊಂಡರೆ ನಾಚಿಕೆಪಡಬೇಕಾಗಿಲ್ಲ. ಅಂಗಾಲು ಸುಡುವಾಗ ರಸ ಹುಟ್ಟುವುದಿಲ್ಲ.

ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. 1121ರ ಸುಮಾರಿಗೆ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ಈ ಜೋಡಿಗುಡಿಯ ಕೆಲಸಕ್ಕೆ ಕೈಹಾಕಿದ, ಒಂದರಲ್ಲಿ ಹೊಯ್ಸಳೇಶ್ವರ, ಇನ್ನೊಂದರಲ್ಲಿ ಶಾಂತಲೇಶ್ವರ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಚರಿತ್ರೆ ಇಷ್ಟು ಸಾಕು, ಗೋಡೆಗೆ ಬನ್ನಿ.

ಅಡಿಯಿಂದ ಎಣಿಸಿ: ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತ ಭಾಗವತದ ಕಥಾಪಟ್ಟಿಕೆ, ಮಕರ, ಹಂಸ. ಅವುಗಳ ಮೇಲೆ ದೊಡ್ಡ ದೇವಮೂರ್ತಿಗಳು. ಗೋಡೆ ಎಷ್ಟು ಮಡಿಕೆ ತಿರುಗಿದರೂ ಈ ಪಟ್ಟಿಕೆಗಳು ತಪ್ಪದೆ ತಿರುಗುತ್ತವೆ. ಅಡ್ಡಕ್ಕೆ ಹರಿಯುವ ಈ ಗೆರೆಗಳಿಲ್ಲದಿದ್ದರೆ ಮೇಲಿನ ಮೂರ್ತಿಗಳ ಸಂದಣಿ ಬರೀ ಗದ್ದಲವಾಗುತ್ತಿತ್ತು. ಭಾರ ಹೊರುವ ಆನೆ ತಳಕ್ಕೆ, ಹಗುರ ಹಂಸ ಮೇಲಕ್ಕೆ ಎಂಬ ಅಂದಾಜೂ ಸುಮ್ಮನೆ ಬಂದದ್ದಲ್ಲ.

ಮೂರ್ತಿಗಳ ಸಾಲು ದಕ್ಷಿಣ ಬಾಗಿಲ ಎಡಗಡೆಯ ಕುಣಿಯುವ ಗಣಪತಿಯಿಂದ ಶುರುವಾಗಿ ಹಿಂಭಾಗವನ್ನೆಲ್ಲ ಸುತ್ತಿ ಉತ್ತರ ಬಾಗಿಲ ಬಳಿಯ ಇನ್ನೊಬ್ಬ ಗಣಪತಿಯಲ್ಲಿ ಮುಗಿಯುತ್ತದೆ. ಸುಮಾರು 240. ಎಲ್ಲವನ್ನೂ ನೋಡುವ ಹಟ ಬೇಡ. ಎರಡು ತೋಳು ಚಾಚಿದರೆ ಎಷ್ಟು ಅಗಲವೋ ಅಷ್ಟು ಗೋಡೆಯನ್ನು ಆರಿಸಿಕೊಂಡು ಅಲ್ಲೇ ನಿಲ್ಲಿ, ಆನೆಯಿಂದ ದೇವರವರೆಗೆ. ಕೈಲಾಸ ಎತ್ತುವ ರಾವಣನ ಮುಂದೆ ನಿಂತರೆ ಒಳ್ಳೆಯದು: ಮೇಲೆ ಶಿವಪಾರ್ವತಿಯರು, ಗಣಗಳು, ಪ್ರಾಣಿಗಳು ತುಂಬಿದ ಬೆಟ್ಟ, ಕೆಳಗೆ ಅದರಡಿ ಬಾಗಿ ಭುಜ ಕೊಟ್ಟವನು. ಗಜಾಸುರನನ್ನು ಕೊಂದು ಕುಣಿಯುವ ಶಿವನಲ್ಲಿ ಒಡವೆಗಳನ್ನು ಮರೆತು ಮೊಣಕಾಲಿನ ಬಾಗು ನೋಡಿ, ಮೈಯ ತೂಕ ಯಾವ ಪಾದಕ್ಕೆ ಇಳಿದಿದೆ ಎಂದು ಹುಡುಕಿ. ಭರತನಾಟ್ಯ ಕಲಿತವರು ಜೊತೆಗಿದ್ದರೆ ಅವರನ್ನು ಕೇಳಿ. ಅವರು ಒಂದು ನಿಮಿಷದಲ್ಲಿ ತೋರಿಸುತ್ತಾರೆ.

ಒಂದು ಮಾತು ಹೇಳಿಬಿಡುತ್ತೇನೆ, ಒಪ್ಪದವರು ಬಹಳ ಮಂದಿ ಇದ್ದಾರೆ. ದೊಡ್ಡ ದೇವರುಗಳಿಗಿಂತ ಹಳೇಬೀಡಿನ ನಿಜವಾದ ಪ್ರತಿಭೆ ಗೇಣುದ್ದದ ಕಥಾಪಟ್ಟಿಕೆಯಲ್ಲಿದೆ. ದೊಡ್ಡ ಮೂರ್ತಿಗಳ ಮುಖಗಳು ಅನೇಕ ಕಡೆ ಒಂದೇ ಅಚ್ಚಿನವು, ಹಾರ ಕೇಯೂರಗಳ ಹೊರೆಯಲ್ಲಿ ಮೈ ಮುಳುಗಿರುವುದೂ ಉಂಟು. ಪಟ್ಟಿಕೆಯಲ್ಲಿ ಹಾಗಿಲ್ಲ. ಅಭಿಮನ್ಯು ಹೊಕ್ಕ ಚಕ್ರವ್ಯೂಹವನ್ನು ಸುರುಳಿಯಾಗಿ ಕೊರೆದವನು, ಶರಮಂಚದ ಮೇಲೆ ಭೀಷ್ಮನನ್ನು ಮಲಗಿಸಿದವನು ಅಷ್ಟೇ ಜಾಗದಲ್ಲಿ ಕುರುಕ್ಷೇತ್ರವನ್ನು ತುಂಬಬೇಕಿತ್ತು, ತುಂಬಿದ್ದಾನೆ. ರೇವೋಜ, ಕೇತನ, ಬಲ್ಲಣ ಮುಂತಾದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆಯೇ ಬರೆದಿಟ್ಟಿದ್ದಾರೆ. ದಂತಕಥೆಯ ಶಿಲ್ಪಿ ಜಕಣಾಚಾರಿಯ ಕಥೆಯನ್ನು ಕಥೆಯಾಗಿ ಕೇಳಿ, ಈ ಹೆಸರುಗಳನ್ನು ಪೀಠಗಳಲ್ಲಿ ಹುಡುಕಿ.

ಜೇಮ್ಸ್ ಫರ್ಗುಸನ್ ಎಂಬ ಸ್ಕಾಟ್ಲೆಂಡಿನ ವಾಸ್ತು ಇತಿಹಾಸಕಾರ 1876ರ ತನ್ನ ಪುಸ್ತಕದಲ್ಲಿ ಈ ಗುಡಿಯನ್ನು ಅಥೆನ್ಸಿನ ಪಾರ್ಥೆನಾನ್ ಜೊತೆಗಿಟ್ಟು ತೂಗಿದ. ಇವೆರಡೂ ಕಟ್ಟಡಕಲೆಯ ಎರಡು ತುದಿಗಳು, ತಂತಮ್ಮ ಬಗೆಯಲ್ಲಿ ಎರಡೂ ಶ್ರೇಷ್ಠ ಎಂಬುದು ಅವನ ತೀರ್ಪು. ಅಲ್ಲಿ ಸಂಯಮ, ಇಲ್ಲಿ ಸಮೃದ್ಧಿ. ಚೆನ್ನಾದ ಮಾತು. ಆದರೆ ಆ ಇನ್ನೊಂದು ತುದಿಯನ್ನು ಹುಡುಕಿಕೊಂಡು ಗ್ರೀಸಿಗೆ ಹೋಗಬೇಕಾಗಿಲ್ಲ, ನಡೆದು ಹೋಗುವಷ್ಟು ದೂರದ ಬಸದಿಹಳ್ಳಿಯಲ್ಲೇ ಇದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಹೊರಗೋಡೆ ಸಾದಾ. ಒಳಗೆ ಕನ್ನಡಿಯ ಹೊಳಪಿನ ಕಂಬಗಳು, ಕೊನೆಯಲ್ಲಿ ಬೆತ್ತಲೆಯಾಗಿ ನೆಟ್ಟಗೆ ನಿಂತ ಕರಿಕಲ್ಲಿನ ಪಾರ್ಶ್ವನಾಥ. ಅದೇ ರಾಜಧಾನಿ, ಅದೇ ತಲೆಮಾರು, ಅದೇ ಕೈಚಳಕ. ಶಿವನಿಗೆ ಜಗತ್ತನ್ನೆಲ್ಲ ಗೋಡೆಗೆ ತಂದು ತುಂಬಿದ ಜನವೇ ಜಿನನಿಗಾಗಿ ಎಲ್ಲವನ್ನೂ ತೆಗೆದುಹಾಕಿದರು. ಹೊಯ್ಸಳರಿಗೆ ಅಲಂಕಾರ ಚಟವಾಗಿತ್ತು ಎನ್ನುವವರನ್ನು ಇಲ್ಲಿಗೆ ಕರೆತಂದು ನಿಲ್ಲಿಸಬೇಕು. ಯಾವ ದೇವರಿಗೆ ಯಾವ ಭಾಷೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬೇಲೂರಿಗೆ ಬರುವಾಗ ಕಣ್ಣು ಪಳಗಿರುತ್ತದೆ. ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಜಯನಾರಾಯಣ, ಇಂದಿನ ಚೆನ್ನಕೇಶವ. ಇಲ್ಲಿ ಪೂಜೆ ಇಂದಿಗೂ ನಡೆಯುತ್ತದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ಮಂಗಳಾರತಿಯ ಹೊತ್ತಿಗೆ ಒಳಗಿರಿ. ಮುಂದಿನ ಕಾಲದಲ್ಲಿ ಜೋಡಿಸಿದ ಜಾಲಂಧ್ರಗಳಿಂದಾಗಿ ನವರಂಗ ಕತ್ತಲು. ಐದು ನಿಮಿಷ ಕದಲದೆ ನಿಂತರೆ ತಿರುಗಣೆಯಲ್ಲಿ ಕಡೆದ ಕಂಬಗಳ ಉಂಗುರಗಳು ಒಂದೊಂದಾಗಿ ಮೂಡುತ್ತವೆ. ಮೊಬೈಲಿನ ಟಾರ್ಚು ಹಾಕಿದರೆ ಅದೂ ಇಲ್ಲ.

ಕೊನೆಗೆ ಮದನಿಕೆಯರು. ಹೊರಗೆ 38, ಒಳಗೆ 4. ಸೂರಿಗೆ ಓರೆಯಾಗಿ ಆನಿಸಿದ, ಮೂರಡಿಯ ಆಸುಪಾಸಿನ ಈ ಶಿಲಾಬಾಲಿಕೆಯರು ಕೆಳಗೆ ನಿಂತವರ ಕಡೆ ಬಾಗಿರುವುದರಿಂದ ಅವರನ್ನು ಎದುರಿನಿಂದ ತೆಗೆದ ಫೋಟೋದಲ್ಲಿ ನೋಡುವುದು ಅರ್ಧ ನೋಡಿದ ಹಾಗೆ. ಗೋಡೆಗೆ ಹತ್ತಿರ ಹೋಗಿ ಕತ್ತೆತ್ತಿ, ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಸೊಂಟದ ತಿರುವು ಆಗ ತಿಳಿಯುತ್ತದೆ. ದರ್ಪಣ ಸುಂದರಿಗೆ ಬೇಕಾದಷ್ಟು ಹೊಗಳಿಕೆ ಸಿಕ್ಕಿದೆ, ನನ್ನ ಒಲವು ಬೇಟೆಗಾತಿಯ ಕಡೆಗೆ. ಸೀರೆ ಎಳೆಯುವ ಕೋತಿಯನ್ನು ಗದರುವವಳಲ್ಲಿ ಕೋಪ ಎಷ್ಟು, ನಗು ಎಷ್ಟು ಎಂದು ನೀವೇ ನಿರ್ಧರಿಸಿ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರಲ್ಲಿ ಕೆಲವರನ್ನು ಕಡೆದವರು. ಎದುರಾಳಿ ಶಿಲ್ಪಿಗಳನ್ನು ಹೀಯಾಳಿಸುವ ಬಿರುದುಗಳ ಜೊತೆಗೇ ಹೆಸರು ಹಾಕಿಕೊಂಡರು. ವಿನಯ ಅವರ ಕಸುಬಲ್ಲ.

ದೇವರ ಗುಡಿಯ ಸುತ್ತ ಇಷ್ಟು ಹೆಣ್ಣುಗಳೇಕೆ ಎಂದು ಮುಜುಗರಪಡುವವರಿಗೆ ಡಿ.ವಿ.ಜಿ.ಯವರ ‘ಅಂತಃಪುರಗೀತೆ’ ಕೊಡಿ. ಅವರು ಈ ಮದನಿಕೆಯರನ್ನು ಚೆನ್ನಕೇಶವನ ಅಂತಃಪುರದವರೆಂದು ಕಂಡು, ಒಬ್ಬೊಬ್ಬಳ ಶೃಂಗಾರವನ್ನೂ ಅವನಿಗೆ ಸಲ್ಲುವ ಹಾಡಾಗಿಸಿದರು. ಪುಸ್ತಕ ಹಿಡಿದು ಪ್ರದಕ್ಷಿಣೆ ಬಂದರೆ ಹಾಡಿಗೂ ಕಲ್ಲಿಗೂ ತಾಳೆ ಹಾಕುತ್ತ ಅರ್ಧ ದಿನ ಕಳೆಯಬಹುದು. ಹಾಗೆಯೇ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಬಿಡಬೇಡಿ. ಕಟ್ಟಿಸಿದವಳು ವಿಷ್ಣುವರ್ಧನನ ರಾಣಿ ಶಾಂತಲೆ, ಜೈನಳಾದ ಅವಳೇ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಎತ್ತಿಸಿದಳು.

ಹಲ್ಲಿಯನ್ನೂ ನೊಣವನ್ನೂ ಈಗ ಹುಡುಕಬಹುದು. ಇನ್ನೊಂದು ದಿನ ಕೈಯಲ್ಲಿದ್ದರೆ ಹಾಸನದ ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ತಿರುಗಿಕೊಳ್ಳಿ. 1113ರ ಸುಮಾರಿಗೆ ಒಬ್ಬ ವರ್ತಕ ಮತ್ತು ಅವನ ಹೆಂಡತಿ ಕಟ್ಟಿಸಿದ ಅಲ್ಲಿನ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಹಳೆಯದು. ಗೋಡೆ ಹೆಚ್ಚುಕಡಿಮೆ ಖಾಲಿ, ನಾಲ್ಕು ಗರ್ಭಗುಡಿಗಳ ಮೇಲೂ ಶಿಖರಗಳಿವೆ. ಚೆನ್ನಕೇಶವನ ತಲೆಯ ಮೇಲೆ ಏನಿದ್ದಿರಬಹುದು ಎಂದು ಊಹಿಸಲು ಅಷ್ಟು ಆಧಾರ ಸಾಕು.