ಮುಖ ಕಾಣದ ಬೇಟೆಗಾರ

ಎಂ.ಕೆ. ಹುಬ್ಬಳ್ಳಿ, ಕಿತ್ತೂರು ಸೀಮೆಯ ಲಾವಣಿಗಳ ಪ್ರೀತಿಯೆಲ್ಲ ಸಂಗೊಳ್ಳಿ ರಾಯಣ್ಣನಿಗೇ ಮೀಸಲು, ಅವನನ್ನು ಬೆನ್ನಟ್ಟಿ ಹಿಡಿದವರಿಗಲ್ಲ. ಹಾಗಿರುವಾಗ ಇನಾಮಿನ ಆಸೆಗೆ ಮನುಷ್ಯರನ್ನು ಬೇಟೆಯಾಡುವ ಬೋಬಾ ಫೆಟ್‌ನ ಕಾಮಿಕ್ಸನ್ನು ಮೆಚ್ಚಬಹುದೇ? ಖಂಡಿತ ಮೆಚ್ಚಬಹುದು. 1980ರ ‘ಸ್ಟಾರ್ ವಾರ್ಸ್’ ಸರಣಿಯ ಸಿನಿಮಾದಲ್ಲಿ ಅವನಿಗಿದ್ದದ್ದು ಬೆರಳೆಣಿಕೆಯ ಮಾತು. 1995ರಲ್ಲಿ ಜಾನ್ ವ್ಯಾಗ್ನರ್ ಬರೆದು ಕ್ಯಾಮ್ ಕೆನಡಿ ಚಿತ್ರಿಸಿದ ಕಾಮಿಕ್ಸು ಆ ಮೌನವನ್ನೇ ಬಂಡವಾಳ ಮಾಡಿಕೊಂಡಿತು. ಶಿರಸ್ತ್ರಾಣದಲ್ಲಿ ‘ಟಿ’ ಆಕಾರದ ಕಪ್ಪು ಸೀಳು, ಹಣೆಯ ಮೇಲೊಂದು ತಗ್ಗು, ಅಷ್ಟೇ. ಕಣ್ಣೇ ಕಾಣದ ಪಾತ್ರಕ್ಕೆ ಭಾವವೆಲ್ಲಿ ಎನ್ನುವವರುಂಟು. ಭಾವ ಹೆಗಲಿನ ಬಾಗಿನಲ್ಲಿದೆ, ಎರಡು ಚೌಕಟ್ಟುಗಳ ನಡುವಿನ ಬಿಳಿ ಜಾಗದಲ್ಲಿದೆ. ಇದು ಬೇಟೆಗಾರನ ವೈಭವೀಕರಣ ಎಂಬ ಆಕ್ಷೇಪಕ್ಕೂ ಉತ್ತರ ಅಲ್ಲೇ ಇದೆ: ಮುಖ ಮರೆಯಾದಾಗ ಮರುಳಾಗಲು ಏನೂ ಉಳಿಯುವುದಿಲ್ಲ, ಓದುಗ ಅವನ ಕೃತ್ಯವನ್ನಷ್ಟೇ ತೂಗುತ್ತಾನೆ.