ಬಣ್ಣದ ಚಿತ್ರಕ್ಕೆ ಒರೆಗಲ್ಲು ಬೇಕು

2020ರ ಸೆಪ್ಟೆಂಬರ್ 7ರಂದು ಒಡಿಶಾ ಕರಾವಳಿಯಿಂದ ಹಾರಿದ ಡಿಆರ್‌ಡಿಒದ ಎಚ್‌ಎಸ್‌ಟಿಡಿವಿ ಎಂಬ ಪ್ರಾಯೋಗಿಕ ವಾಹನದಲ್ಲಿ, ಹೊರಗಿನ ಗಾಳಿಯನ್ನೇ ಸೆಳೆದು ಇಂಧನ ಉರಿಸುವ ಸ್ಕ್ರ್ಯಾಮ್‌ಜೆಟ್ ಎಂಜಿನ್ ಉರಿದದ್ದು 20 ಸೆಕೆಂಡಿಗಿಂತ ತುಸು ಹೆಚ್ಚು. ವೇಗ ಸೆಕೆಂಡಿಗೆ ಸುಮಾರು 2 ಕಿ.ಮೀ. ಕುಣಿಗಲ್ಲಿನಿಂದ ತುಮಕೂರಿಗಿರುವಷ್ಟು ದೂರ ಅಷ್ಟರಲ್ಲೇ ಮುಗಿದಿತ್ತು. ಇಂಥದ್ದನ್ನು ಹಾರಿಸಿ ಹಾರಿಸಿ ಕಲಿಯಲು ಯಾವ ದೇಶಕ್ಕೂ ಆಗದು. ಕಂಪ್ಯೂಟರ್ ಸಿಮ್ಯುಲೇಶನ್ ಅನಿವಾರ್ಯವಾದದ್ದು ಹೀಗೆ.

ಹಲವು ಶಾಸ್ತ್ರಗಳನ್ನು ಒಂದೇ ಲೆಕ್ಕದಲ್ಲಿ ಕೂಡಿಸುವುದು ಅದರ ದೊಡ್ಡ ಗುಣ. ಮ್ಯಾಕ್ 6ರಲ್ಲಿ, ಅಂದರೆ ಶಬ್ದದ ಆರು ಪಟ್ಟು ವೇಗದಲ್ಲಿ, ಮೂತಿಗೆ ಅಪ್ಪಳಿಸುವ ಗಾಳಿ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾವಿಗೆ ಹೊದಿಕೆ ಬಾಗಿದರೆ ಆಘಾತ ತರಂಗ ಜರುಗುತ್ತದೆ, ಎಂಜಿನ್ನಿಗೆ ಹೋಗುವ ಗಾಳಿ ಬದಲಾಗುತ್ತದೆ, ಉರಿ ತಪ್ಪುತ್ತದೆ. ಗಾಳಿಯವರು, ಲೋಹದವರು, ಎಂಜಿನ್ನಿನವರು ತಂತಮ್ಮ ಲೆಕ್ಕ ಮುಗಿಸಿ ಕಡತ ದಾಟಿಸಿದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಉದಾಹರಣೆಗೆ, 1967ರ ಅಕ್ಟೋಬರ್ 3ರಂದು ಅಮೆರಿಕದ ರಾಕೆಟ್ ವಿಮಾನ ಎಕ್ಸ್-15 ಮ್ಯಾಕ್ 6.7 ಮುಟ್ಟಿದಾಗ, ಅಡಿಗೆ ತೂಗುಹಾಕಿದ್ದ ಅಣಕು ಎಂಜಿನ್ನಿನ ಆಘಾತ ತರಂಗ ಆಧಾರದ ಕಂಬಕ್ಕೆ ಬಡಿದು ಅದನ್ನು ಸುಟ್ಟು ತೂತು ಮಾಡಿತು.

ಆದರೆ ಕೂಡಿಸಿದ ಮಾತ್ರಕ್ಕೆ ಅಜ್ಞಾನ ಕರಗುವುದಿಲ್ಲ. ಒಂದು ಶಾಸ್ತ್ರದ ತಪ್ಪು ಉಳಿದವಕ್ಕೂ ಹಬ್ಬುತ್ತದೆ. 1981ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಮೊದಲ ಬಾರಿ ಭೂಮಿಗೆ ಮರಳಿದಾಗ, ಮೂತಿಯನ್ನು ಸಮತೋಲದಲ್ಲಿಡುವ ಹಿಂಬದಿಯ ಫಲಕವನ್ನು ಅಂದಾಜಿನ ಸುಮಾರು ಇಮ್ಮಡಿ ಇಳಿಸಬೇಕಾಯಿತು. ಕಾದ ಗಾಳಿಯ ರಸಾಯನ ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ವಾಹನದ ಮೈಗೆ ಅಂಟಿದ ಗಾಳಿಯ ಪದರ ಎಲ್ಲಿ ಕದಡುತ್ತದೆ ಎಂಬುದನ್ನು ಖಚಿತವಾಗಿ ಹೇಳುವುದು ಇಂದಿಗೂ ಕಷ್ಟ. ಕದಡಿದಲ್ಲಿ ಕಾವು ಹಲವು ಪಟ್ಟು ಏರುತ್ತದೆ.

ಆದ್ದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದು ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಲ್ಲ, 1970ರ ದಶಕದಿಂದ ಅಲ್ಲಿ ಬೆಳೆದುಬಂದ, ಮಾದರಿಗಳ ಮೇಲೆ ಅತಿವೇಗದ ಗಾಳಿ ಹರಿಸಿ ಪರೀಕ್ಷಿಸುವ ಶಾಕ್ ಟನಲ್‌ಗಳು. ಗಾಳಿ ಹರಿಯುವುದು ಮಿಲಿಸೆಕೆಂಡಿನಷ್ಟು ಹೊತ್ತು. ಆದರೂ ದೊರೆಯುವುದು ಅಳೆದ ಕಾವು, ಅಳೆದ ಒತ್ತಡ. ಲೆಕ್ಕವನ್ನು ಅದರ ಮೇಲೆ ಉಜ್ಜಿ ನೋಡಬಹುದು.

ಅಮೃತೂರಿನಂಥ ಊರುಗಳಿಂದ ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರುವ ಮಕ್ಕಳಿಗೆ ಇಂಥ ಟನಲ್ ಕೈಗೆಟುಕದು, ಸಾಫ್ಟ್‌ವೇರ್ ಎಟುಕುತ್ತದೆ. ಅದು ಬಿಡಿಸಿ ತೋರಿಸುವ ಕೆಂಪು-ನೀಲಿ ಚಿತ್ರವೇ ಫಲಿತಾಂಶವೆಂದು ಅವರು ನಂಬಿಬಿಡುವ ಅಪಾಯವಿದೆ. ಲೆಕ್ಕಕ್ಕಾಗಿ ಜಾಗವನ್ನು ತುಂಡರಿಸುವ ಜಾಲರಿಯ ಕಣ್ಣು ಸಣ್ಣದಾದರೆ ಉತ್ತರ ಎಷ್ಟು ಕದಲಿತು, ಯಾವ ಅಳತೆಗೆ ಹೋಲಿಸಿದೆ ಎಂದು ಮೇಷ್ಟ್ರು ಕೇಳಲೇಬೇಕು. ಇಸ್ರೊದ ಮರುಬಳಕೆಯ ಪ್ರಾಯೋಗಿಕ ವಾಹನ ಆರ್‌ಎಲ್‌ವಿ-ಟಿಡಿ 2016ರ ಮೇ 23ರಂದು ಮ್ಯಾಕ್ 5ರ ಆಸುಪಾಸಿನಲ್ಲಿ ಹಾರಿತು. ಅದರ ಆಕಾರ, ಹಾರಾಟದ ಒತ್ತಡ-ಉಷ್ಣತೆಗಳ ಒಂದಿಷ್ಟು ಅಂಕಿಗಳನ್ನು ಪಾಠದ ಲೆಕ್ಕವಾಗಿ ಕಾಲೇಜುಗಳಿಗೆ ಕೊಟ್ಟರೆ, ನಮ್ಮ ಹುಡುಗ ಹುಡುಗಿಯರು ತಮ್ಮ ಉತ್ತರ ಎಷ್ಟು ತಪ್ಪಿದೆ ಎಂದು ತಾವೇ ಕಂಡುಕೊಳ್ಳಬಲ್ಲರು.